ದಕ್ಷಿಣಾವಿಭಾಗವೂ ಭೃತಿನಿರ್ಣಯವೂ

ದುಡಿದವನಿಗೆ ಅವನ ಶ್ರಮವನ್ನು ನೋಡಿ ಕೊಡತಕ್ಕುದೋ, ಅದರಿಂದುಂಟಾದ ಫಲವನ್ನು ನೋಡಿ ಕೊಡತಕ್ಕುದೋ ಎಂಬ ವಿವಾದದ ಬೀಜವು ಐತರೇಯ ಬ್ರಾಹ್ಮಣದ ಐದನೆಯ ಪಂಚಿಕೆಯಲ್ಲಿಯೇ ಇದೆ. ಅಧ್ವರ್ಯುವು ಸೋಮಪಾತ್ರೆಗಳನ್ನು ತುಂಬುವನು, ಉದ್ಗಾತೃವು ಹಾಡುವನು, ಹೋತೃವು ಪಠಿಸುವನು. ಇವರಿಗೆ ದಕ್ಷಿಣೆ ಸಲ್ಲುವುದು ಯುಕ್ತವೇ. ಬಹುಮಟ್ಟಿಗೆ ಸುಮ್ಮನೆ ಕುಳಿತಿರುವ ಬ್ರಹ್ಮನು ಏನು ಮಾಡಿದನೆಂದು ದಕ್ಷಿಣೆ? ಹೀಗೆ ಅಲ್ಲಿ ಆಕ್ಷೇಪ. ಅವನು ಯಜ್ಞಕ್ಕೆ ವೈದ್ಯನೆಂಬುದು ಸಮಾಧಾನ. ಇಲ್ಲಿ ಅಳತೆಯು ಶ್ರಮವಲ್ಲ, ಉಪಕಾರ.

ಮೀಮಾಂಸಕರು ಈ ಹಾದಿಯನ್ನೇ ಹಿಡಿದರೆಂದು ತಿಳಿಯಲಾಗದು. ಜೈಮಿನಿಸೂತ್ರಗಳ ಹತ್ತನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಮೂರು ಪಕ್ಷಗಳುಂಟು. ವಿಶೇಷವಿಧಿಯು ಕಾಣದ ಕಾರಣ ಎಲ್ಲರಿಗೂ ಸಮಪಾಲೆಂಬುದು ಮೊದಲನೆಯದು. ಕರ್ಮದಲ್ಲಿ ಹೆಚ್ಚುಕಡಿಮೆಯಿರುವುದರಿಂದ ಅದಕ್ಕೆ ತಕ್ಕ ಪಾಲೆಂಬುದು ಎರಡನೆಯದು. ಅರ್ಧಿ, ತೃತೀಯಿ, ಪಾದಿ ಎಂಬ ಹೆಸರುಗಳನ್ನನುಸರಿಸಿ ಪಾಲೆಂಬುದೇ ಸಿದ್ಧಾಂತ. ದಕ್ಷಿಣೆಯು ಪರಿಕ್ರಯ, ಎಂದರೆ ಒಂದು ಬಗೆಯ ಕೂಲಿಯೇ ಎಂದು ಒಪ್ಪಿದವರು ಕೆಲಸದ ಅಳತೆಯನ್ನು ಬಿಟ್ಟು ಹೆಸರನ್ನು ಹಿಡಿದುದು ವಿಚಾರಾರ್ಹವಾಗಿದೆ. ನೂರು ಗೋವುಗಳಲ್ಲಿ ನಾಲ್ವರು ಮುಖ್ಯರಿಗೆ 48, ಅರ್ಧಿಗಳಿಗೆ 24, ತೃತೀಯಿಗಳಿಗೆ 16, ಪಾದಿಗಳಿಗೆ 12 ಎಂದು ಸ್ಮೃತಿವ್ಯಾಖ್ಯಾತೃಗಳ ಗಣನೆ. ಓಡಾಡಿ ದಣಿದ ಅಧ್ವರ್ಯುವಿಗೂ 12, ಕುಳಿತ ಬ್ರಹ್ಮನಿಗೂ 12!

ಯಾಜ್ಞವಲ್ಕ್ಯನು ಕೂಡಿ ದುಡಿಯುವವರ ಧರ್ಮವನ್ನು ಋತ್ವಿಜರಿಗೂ ಕೃಷಿಕರಿಗೂ ಶಿಲ್ಪಿಗಳಿಗೂ ಒಟ್ಟಾಗಿ ವಿಧಿಸಿರುವನು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನಾದ ನಮ್ಮ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದುದು ಈ ಸ್ಮೃತಿಯನ್ನೇ. ಶಿಲ್ಪಿಗಳಿಗಾದರೋ ಸ್ಮೃತ್ಯಂತರದಲ್ಲಿ ನೈಪುಣ್ಯವೇ ಪ್ರಮಾಣ: ಶಿಕ್ಷಕ, ಅಭಿಜ್ಞ, ಕುಶಲ, ಆಚಾರ್ಯ ಎಂಬವರಿಗೆ ಕ್ರಮವಾಗಿ 1, 2, 3, 4 ಭಾಗಗಳು. (ಇಲ್ಲಿ ಶಿಕ್ಷಕನೆಂದರೆ ಕಲಿಯುತ್ತಿರುವವನು, ಇಂದಿನ ಕನ್ನಡದ ಅರ್ಥವನ್ನು ಹಚ್ಚಿದರೆ ಗುರುವಿಗೆ ಎಲ್ಲರಿಗಿಂತ ಕಡಮೆ ಬಂದೀತು.) ಹೆಸರಿನ ಮೇಲೆ ನಿಂತ ಋತ್ವಿಜರ ಪಾಲಿಗಿಂತ ಇದು ನ್ಯಾಯಕ್ಕೆ ಹತ್ತಿರವೆಂದು ನನ್ನ ಮತ.

ಫಲವನ್ನೇ ಅಳತೆಯಾಗಿಟ್ಟುದು ಭೃತಿಪ್ರಕರಣದಲ್ಲಿ. ಕೂಲಿಯನ್ನು ಗೊತ್ತುಮಾಡದೆ ಕೆಲಸಮಾಡಿಸಿದರೆ ವಾಣಿಜ್ಯ, ಪಶು, ಸಸ್ಯಗಳಿಂದ ಬಂದುದರಲ್ಲಿ ಹತ್ತನೆಯ ಒಂದು ಪಾಲನ್ನು ಭೃತ್ಯನಿಗೆ ಕೊಡಿಸತಕ್ಕುದು. ದೇಶಕಾಲಗಳನ್ನು ಮೀರಿ ಲಾಭವನ್ನು ಕೆಡಿಸಿದವನಿಗೆ ಕೊಡುವುದು ಒಡೆಯನ ಇಚ್ಛೆ. ಹೆಚ್ಚು ಗಳಿಸಿಕೊಟ್ಟವನಿಗೆ ಹೆಚ್ಚು ಕೊಡಬೇಕು. ಆದರೆ ಎಷ್ಟು ಹೆಚ್ಚೆಂದು ಆ ಶ್ಲೋಕವು ಹೇಳುವುದಿಲ್ಲ. ಕೆಟ್ಟಾಗ ಒಡೆಯನ ಇಚ್ಛೆಯೇ ಪ್ರಮಾಣ, ಕೂಡಿಬಂದಾಗಲೂ ಮೊತ್ತವನ್ನು ನುಡಿಯುವವನು ಅವನೇ. ಮಳೆ ತಪ್ಪಿದ ವರ್ಷ ಹೊಲದಾಳಿನ ದಶಾಂಶವೆಷ್ಟೆಂದು ಎಣಿಸಬೇಕಾದುದೇ ಇಲ್ಲ. ಕೌಟಿಲ್ಯನೂ ಕೂಲಿಯನ್ನು ಮಾತಾಡದ ಕರ್ಷಕನಿಗೆ ಈ ದಶಾಂಶವನ್ನೇ ಹೇಳಿರುವನು. ಆದರೆ ಅವನ ಸೀತಾಧ್ಯಕ್ಷಪ್ರಕರಣದಲ್ಲಿ, ಅರಸನ ಹೊಲದ ದನಗಾಹಿ, ದಾಸ, ಕೂಲಿಯವರಿಗೆ ಊಟವೂ ತಿಂಗಳಿಗೆ 1¼ ಪಣವೂ ವಿಹಿತವಾಗಿವೆ. ಆ ವಿಧಿಯಲ್ಲಿ ಬೆಳೆಯ ಪ್ರಸ್ತಾಪವೇ ಇಲ್ಲ.