ಪರದೇಶಕ್ಕೆ ಕನ್ನಡಕ ಹೊತ್ತವರು

ಈಗ ಪಾಕಿಸ್ತಾನದಲ್ಲಿರುವ ಸಿಂಧ್ ಪ್ರಾಂತದ ಶಿಕಾರ್‌ಪುರದಲ್ಲಿ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಚಳಿಗಾಲ ಬಂತೆಂದರೆ ದೃಷ್ಟಿ ಕಳೆದುಕೊಂಡವರ ದೊಡ್ಡ ಜಾತ್ರೆಯೇ ನೆರೆಯುತ್ತಿತ್ತು. ಕ್ವೆಟ್ಟಾದ ಮಿಷನ್ ಆಸ್ಪತ್ರೆಯ ಇಂಗ್ಲಿಷ್ ವೈದ್ಯ ಹೆನ್ರಿ ಹಾಲೆಂಡ್ ಅಲ್ಲಿಗೆ ಬಂದು ಕೆಲವು ವಾರ ಬಿಡುವಿಲ್ಲದೆ ಕಣ್ಣಿನ ಪೊರೆ ತೆಗೆಯುತ್ತಿದ್ದರು. ಅವರಿಗೆ ನೆರವಾಗಲು ಬ್ರಿಟನ್, ಅಮೆರಿಕಗಳಿಂದ ವೈದ್ಯರು ಸ್ವಂತ ಖರ್ಚಿನಲ್ಲಿ ಬರುತ್ತಿದ್ದರು. ಅದು ಸೇವೆಯೂ ಹೌದು, ಕಲಿಕೆಯೂ ಹೌದು. ತಮ್ಮ ದೇಶದಲ್ಲಿ ವರ್ಷಗಟ್ಟಲೆ ಕಾದರೂ ಸಿಗದಷ್ಟು ಆಪರೇಷನ್‌ಗಳ ಅನುಭವ ಅವರಿಗೆ ಇಲ್ಲಿ ಕೆಲವೇ ವಾರಗಳಲ್ಲಿ ಸಿಗುತ್ತಿತ್ತು. 1960ರಲ್ಲಿ ಹಾಲೆಂಡ್ ಮತ್ತು ಅವರ ಮಗ ರೊನಾಲ್ಡ್ ಇಬ್ಬರಿಗೂ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈ ಇತಿಹಾಸ ಓದುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಒಂದೇ. ಕಣ್ಣು ಕೊಡಲು ಬಂದವರು ತಮ್ಮ ಊರಿಗೆ ಮರಳಿದ ಮೇಲೆ ಇಲ್ಲಿ ಏನು ಉಳಿಯುತ್ತದೆ?

ಬಹಳ ಕಾಲ ಉಳಿಯುತ್ತಿದ್ದದ್ದು ಒಂದು ದಪ್ಪ ಕನ್ನಡಕ. ಪೊರೆ ಎಂದರೆ ಕಣ್ಣೊಳಗಿನ ಮಸೂರವೇ ಮಬ್ಬಾಗುವುದು. ಆಗಿನ ಪದ್ಧತಿಯಲ್ಲಿ ಆ ಮಸೂರವನ್ನು ಇಡಿಯಾಗಿ ಕಿತ್ತು ತೆಗೆಯುತ್ತಿದ್ದರು. ಅದರ ಬದಲಿಗೆ ಕಣ್ಣೆದುರು ಸುಮಾರು ಪ್ಲಸ್ ಹತ್ತು ಪವರಿನ ಗಾಜು ಬೇಕಾಗುತ್ತಿತ್ತು. ನಮ್ಮ ನಾಡಿನಲ್ಲಿ ಅದಕ್ಕೆ ಸೋಡಾ ಗ್ಲಾಸು ಎಂದೇ ಹೆಸರು. ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ನಡೆಸಿದ ಕಣ್ಣಿನ ಕ್ಯಾಂಪುಗಳ ಕಾಲದ ಹಿರಿಯರನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಗಾಜಿನ ಹಿಂದೆ ಅಗಲವಾಗಿ ಹಿಗ್ಗಿದ ಕಣ್ಣುಗಳು. ಅದರಲ್ಲಿ ನೋಡಿದರೆ ವಸ್ತುಗಳು ಕಾಲುಭಾಗದಷ್ಟು ದೊಡ್ಡದಾಗಿ ಕಾಣುತ್ತವೆ. ಪಕ್ಕದ ನೋಟ ಕಡಿಮೆ, ಬದಿಯಿಂದ ಬಂದವರು ಎದುರಿಗೆ ಧುತ್ತೆಂದು ಎದ್ದಂತೆ ಅನ್ನಿಸುತ್ತದೆ. ಮೆಟ್ಟಿಲಿನ ಅಂದಾಜು ತಪ್ಪುತ್ತದೆ. ಅದು ಒಡೆದರಂತೂ ಮತ್ತೆ ಕತ್ತಲೆಯೇ. ಗುಡ್ಡಗಾಡಿನ ಹಳ್ಳಿಯಲ್ಲಿ ಒಡೆದ ಕನ್ನಡಕಕ್ಕೆ ಬದಲಿ ಸಿಗುವುದು ಎಲ್ಲಿ?

ಇದಕ್ಕೆ ಪರಿಹಾರ 1949ರಲ್ಲೇ ಹುಟ್ಟಿತ್ತು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಗಾಜಿನ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡಿದ್ದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಗಮನಿಸಿದ್ದರು. ಆ ವರ್ಷದ ನವೆಂಬರಿನಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನ ಮಸೂರವನ್ನು ಅವರು ರೋಗಿಯೊಬ್ಬರ ಕಣ್ಣೊಳಗೆ ಇಟ್ಟರು. ದಶಕಗಳ ವಿರೋಧ ದಾಟಿ 80ರ ದಶಕದ ಹೊತ್ತಿಗೆ ಶ್ರೀಮಂತ ದೇಶಗಳಲ್ಲಿ ಅದು ಮಾಮೂಲಾಯಿತು. ಬಡದೇಶಗಳ ಪಾಲಿಗೆ ಮಾತ್ರ ಹಳೆಯ ಕನ್ನಡಕವೇ ಗತಿಯಾಯಿತು, ಏಕೆಂದರೆ ಒಂದು ಮಸೂರದ ಬೆಲೆ 100 ಡಾಲರಿಗೂ ಮೇಲಿತ್ತು.

ಈ ಅಂತರ ಎದ್ದು ಕಂಡದ್ದು ನೇಪಾಳದಲ್ಲಿ. ಸಿಡುಬು ನಿರ್ಮೂಲನೆಯಲ್ಲಿ ದುಡಿದಿದ್ದ ಲ್ಯಾರಿ ಬ್ರಿಲಿಯಂಟ್, ನಿಕೋಲ್ ಗ್ರಾಸೆ ಮೊದಲಾದವರು ಮದುರೆಯ ಡಾ. ಜಿ. ವೆಂಕಟಸ್ವಾಮಿಯವರನ್ನೂ ಜೊತೆಗೂಡಿಸಿಕೊಂಡು 1978ರಲ್ಲಿ ಸೇವಾ ಫೌಂಡೇಶನ್ ಕಟ್ಟಿದರು. 1980-81ರಲ್ಲಿ ಅವರ ನೆರವಿನಿಂದ ನೇಪಾಳದಲ್ಲಿ ಸುಮಾರು 40 ಸಾವಿರ ಜನರ ಕಣ್ಣು ಪರೀಕ್ಷಿಸಲಾಯಿತು. ಎರಡೂ ಕಣ್ಣು ಕಾಣದವರಲ್ಲಿ ಮೂರನೇ ಎರಡರಷ್ಟು ಮಂದಿಗೆ ಕಾರಣ ಪೊರೆ. ಅಂದರೆ, ತೆಗೆಯಬಹುದಾದ ಕುರುಡು.

1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಾರರಾಗಿ ಅಲ್ಲಿಗೆ ಬಂದವರು ಫ್ರೆಡ್ ಹಾಲೋಸ್. ನ್ಯೂಜಿಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ, ಒಂದು ಕಾಲಕ್ಕೆ ಕಮ್ಯುನಿಸ್ಟ್ ಪಕ್ಷದ ಸದಸ್ಯರೂ ಆಗಿದ್ದ ಸಿಡುಕಿನ ಮನುಷ್ಯ. 70ರ ದಶಕದಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಾಡಿಹಾಡಿ ಸುತ್ತಿ ಅವರ ಕಣ್ಣುಬೇನೆಯನ್ನು ದಾಖಲಿಸಿದ್ದರು. ಮೂಲನಿವಾಸಿಗಳ ಕಣ್ಣಿನ ಸ್ಥಿತಿ ಸುಧಾರಿಸಲಿಲ್ಲವೆಂದು 1985ರಲ್ಲಿ ಸರ್ಕಾರದ ಗೌರವವನ್ನೂ ತಿರಸ್ಕರಿಸಿದ್ದರು. ಅವರಿಗೆ ನೇಪಾಳದಲ್ಲಿ ಸಿಕ್ಕವರು ಯುವ ವೈದ್ಯ ಸಂದುಕ್ ರುಯಿತ್. ಕಾಂಚನಜುಂಗಾದ ಬಳಿಯ ಹಳ್ಳಿಯ ಹುಡುಗ. ಶಾಲೆಗೆಂದು ಹದಿನೈದು ದಿನ ನಡೆದು ಡಾರ್ಜಿಲಿಂಗ್ ಸೇರಿ, ಲಖನೌ ಮತ್ತು ದೆಹಲಿಗಳಲ್ಲಿ ವೈದ್ಯಕೀಯ ಓದಿದವರು. ಕ್ಷಯದಿಂದ ತೀರಿಕೊಂಡ ತಂಗಿಯ ನೆನಪು ಅವರನ್ನು ಈ ವೃತ್ತಿಗೆ ತಂದಿತ್ತು.

ಹಳ್ಳಿಯ ಕ್ಯಾಂಪಿನಲ್ಲಿ ಕಣ್ಣೊಳಗೆ ಮಸೂರ ಕೂರಿಸುವುದು ಅಪಾಯ, ದುಂದು ಎಂದೇ ಅಂದಿನ ತಜ್ಞರಲ್ಲಿ ಅನೇಕರ ಅಭಿಪ್ರಾಯ. ಇವರಿಬ್ಬರೂ ಅದನ್ನು ಒಪ್ಪಲಿಲ್ಲ. ಸಿಡ್ನಿಯವನಿಗೆ ಸಲ್ಲುವ ಚಿಕಿತ್ಸೆ ಶೆರ್ಪಾನಿಗೆ ಯಾಕೆ ಸಲ್ಲದು ಎಂಬುದು ಅವರ ವಾದ. ರುಯಿತ್ ಸಿಡ್ನಿಯಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಲೋಸ್ ಜೊತೆಗಿದ್ದು, ಮರಳಿ ಬಂದು ಹೊಲಿಗೆಯೇ ಬೇಡದ, ಕೆಲವೇ ನಿಮಿಷಗಳ ಸಣ್ಣ ಗಾಯದ ಶಸ್ತ್ರಚಿಕಿತ್ಸೆಯನ್ನು ಕ್ಯಾಂಪುಗಳಿಗೆ ಒಗ್ಗಿಸಿದರು. ಬೆಲೆಯ ಗಂಟು ಬಿಡಿಸಲು ಮಸೂರವನ್ನು ಅಲ್ಲೇ ತಯಾರಿಸಬೇಕಿತ್ತು. 1987ರಲ್ಲಿ, ಸ್ವಾತಂತ್ರ್ಯಕ್ಕಾಗಿ ಯುದ್ಧ ನಡೆಸುತ್ತಿದ್ದ ಎರಿಟ್ರಿಯಾಕ್ಕೆ ಹೋದ ಹಾಲೋಸ್ ಅಲ್ಲಿಯೂ ಇದೇ ಕನಸು ಬಿತ್ತಿ ಬಂದರು. 1993ರ ಫೆಬ್ರವರಿಯಲ್ಲಿ ಕ್ಯಾನ್ಸರ್ ಅವರನ್ನು ಒಯ್ದಿತು. ಮರುವರ್ಷ ಕಠ್ಮಂಡುವಿನ ತಿಲಗಂಗಾದಲ್ಲೂ ಎರಿಟ್ರಿಯಾದ ಅಸ್ಮಾರಾದಲ್ಲೂ ಮಸೂರದ ಕಾರ್ಖಾನೆಗಳು ಶುರುವಾದವು. ಇತ್ತ ಮದುರೆಯಲ್ಲಿ ಅರವಿಂದ ಆಸ್ಪತ್ರೆಯ ಅರೋಲ್ಯಾಬ್ 1992ರಲ್ಲೇ ಆರಂಭವಾಗಿತ್ತು. ಮಸೂರದ ಬೆಲೆ 10 ಡಾಲರಿಗಿಂತ ಕೆಳಗಿಳಿಯಿತು. ಸೋಡಾ ಗ್ಲಾಸು ನಮ್ಮ ಬೀದಿಗಳಿಂದ ಮೆಲ್ಲಗೆ ಮರೆಯಾದದ್ದರ ಹಿಂದೆ ಈ ಕಥೆಯೂ ಇದೆ.

ಹಾಗೆಂದು ಕನ್ನಡಕದ ಅಗತ್ಯ ಮುಗಿದಿಲ್ಲ. ಓದಲು, ಸೂಜಿ ಪೋಣಿಸಲು, ಅಕ್ಕಿ ಆರಿಸಲು ಅದೊಂದೇ ಸಾಕಾದವರು ಕೋಟಿಗಟ್ಟಲೆ ಇದ್ದಾರೆ. ಅವರಿಗಾಗಿ ಶ್ರೀಮಂತ ದೇಶಗಳ ಸ್ವಯಂಸೇವಕರು ಹಳೆಯ ಕನ್ನಡಕಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗುವುದುಂಟು. ಆದರೆ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಾನವಾಗಿ ಬಂದ ಕನ್ನಡಕಗಳ ಪೈಕಿ ಬಳಕೆಗೆ ಯೋಗ್ಯವಾದವು ನೂರಕ್ಕೆ ಏಳು ಮಾತ್ರ. ಗಾಜಿಗೆ ಗೀರು ಬಿದ್ದಿರುತ್ತದೆ, ಒಬ್ಬರ ಎರಡು ಕಣ್ಣಿನ ಪವರು ಇನ್ನೊಬ್ಬರಿಗೆ ಹೊಂದುವುದಿಲ್ಲ. ತೊಳೆದು, ಅಳೆದು, ಸಾಗಿಸುವ ಖರ್ಚು ಸೇರಿಸಿದರೆ ಹೊಸ ಸಿದ್ಧ ಕನ್ನಡಕವೇ ಅಗ್ಗ.

ಇದರಿಂದ ಪರದೇಶಕ್ಕೆ ಹೋಗುವ ಸೇವೆಯೆಲ್ಲ ಪೊಳ್ಳೆಂದು ನಾನು ಹೇಳಲಾರೆ. ಶಿಕಾರ್‌ಪುರದಲ್ಲಿ ಕಟ್ಟು ಬಿಚ್ಚಿದಾಗ ಮೊಮ್ಮಗುವಿನ ಮುಖ ಕಂಡ ಮುದುಕಿಗೆ, ವೈದ್ಯ ಯಾಕೆ ಬಂದ ಎಂಬುದು ಮುಖ್ಯವಾಗಿರಲಾರದು. ಆದರೆ ಅವಳ ನೆರೆಯವಳು ಮುಂದಿನ ಚಳಿಗಾಲದವರೆಗೆ ಕಾಯಬೇಕಿತ್ತು. ತಿಲಗಂಗಾದಲ್ಲಿ ಆ ಕಾಯುವಿಕೆ ತಪ್ಪಿತು. ರುಯಿತ್ ಅವರ ಕೈಯಲ್ಲಿ ಕಲಿತ ನೇಪಾಳಿ ವೈದ್ಯರು, ಅಲ್ಲೇ ತಯಾರಾದ ಮಸೂರ ಹಿಡಿದು ಈಗ ತಾವೇ ಬೇರೆ ದೇಶಗಳಿಗೆ ಕ್ಯಾಂಪು ನಡೆಸಲು ಹೋಗುತ್ತಾರೆ.