ಹತ್ತೊಂಬತ್ತರಿಂದ ಹದಿನಾಲ್ಕಕ್ಕೆ

ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರು ಕೊಂಡವರು ನನ್ನ ಗ್ಯಾರೇಜಿಗೆ ಬಂದರೆ ಮೊದಲು ಕೇಳುವುದು ಇದನ್ನೇ: ಚಕ್ರವನ್ನು 15 ಇಂಚಿಗೆ ಏರಿಸಿ, ಅಗಲದ ಟೈರು ಹಾಕಿಸೋಣವೇ? ಬೇಡ ಎನ್ನುತ್ತೇನೆ. ಕಾರಣ ಆ ಕಾರಿನ ವಂಶದಲ್ಲೇ ಇದೆ.

ಯುದ್ಧ ಮುಗಿದ 1945ರಲ್ಲಿ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿ ಟಿಸಿಗೆ 19 ಇಂಚಿನ ಸ್ಪೋಕ್ ಚಕ್ರ, ನಾಲ್ಕೂವರೆ ಇಂಚಿನ ಸಪೂರ ಟೈರು. 1949ರ ಕೊನೆಗೆ ಬಂದ ಟಿಡಿಯಲ್ಲಿ ಸ್ಪೋಕು ಹೋಗಿ 15 ಇಂಚಿನ ಉಕ್ಕಿನ ಚಕ್ರ ಬಂತು. ಟಿಸಿ ಮೆಚ್ಚಿದವರಿಗೆ ಅದು ಹಿಡಿಸಲಿಲ್ಲ. 1955ರ ಎಂಜಿಎಗೂ 15. 1962ರ ಎಂಜಿಬಿ 14ಕ್ಕೆ ಇಳಿಯಿತು.

ಚಕ್ರ ಕಿರಿದಾಗುತ್ತಿದ್ದ ಅದೇ ಕಾಲದಲ್ಲಿ ಟೈರಿನ ಒಳಗೇ ದೊಡ್ಡ ಬದಲಾವಣೆ ನಡೆಯಿತು. ಹಳೆಯ ಕ್ರಾಸ್‌ಪ್ಲೈ ಟೈರಿನಲ್ಲಿ ನೂಲಿನ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾಯುತ್ತವೆ. ತಿರುವಿನಲ್ಲಿ ಪಕ್ಕ ಬಾಗಿದರೆ ನೆಲ ಮುಟ್ಟುವ ಮೈಯೂ ಸೊಟ್ಟಗಾಗುತ್ತದೆ. ಫ್ರಾನ್ಸಿನ ಮಿಶೆಲಿನ್ 1946ರಲ್ಲಿ ಪೇಟೆಂಟ್ ಮಾಡಿಸಿದ ರೇಡಿಯಲ್‌ನಲ್ಲಿ ನೂಲು ಅಂಚಿನಿಂದ ಅಂಚಿಗೆ ನೇರ ಓಡುತ್ತದೆ, ಮೇಲೆ ಉಕ್ಕಿನ ಪಟ್ಟಿ ಬಿಗಿದಿರುತ್ತದೆ. ಪಕ್ಕ ಬಾಗಿದರೂ ಮೈ ನೆಲ ಬಿಡದು. ಎಂಥ ಚೆಂದದ ಯೋಚನೆ! ಎಂಜಿಬಿ ಹುಟ್ಟಿದ್ದು ಈ ಎರಡರ ಸಂಧಿಯಲ್ಲಿ. ಮೊದಲ ರೋಡ್‌ಸ್ಟರುಗಳಿಗೆ 5.60-14 ಕ್ರಾಸ್‌ಪ್ಲೈ, ಆಮೇಲೆ 155, 165 ಮಿಲಿಮೀಟರ್ ಅಗಲದ ರೇಡಿಯಲ್.

165ರ ಟೈರಿನ ಎತ್ತರ ಸುಮಾರು 620 ಮಿಲಿಮೀಟರ್. 15 ಇಂಚಿನ ಚಕ್ರಕ್ಕೆ ಹಾಕುವ 195/60 ಆರ್15ರದು 615. ಸ್ಪೀಡೋಮೀಟರಿಗೆ ಇದರಿಂದ ಹೆಚ್ಚೇನೂ ತೊಂದರೆಯಿಲ್ಲ, ಲೆಕ್ಕ ಸರಿಯೇ. ಆದರೆ ಅಗಲ 30 ಮಿಲಿಮೀಟರ್ ಹೆಚ್ಚಿತು. ಪವರ್ ಸ್ಟೀರಿಂಗ್ ಇಲ್ಲದ ಕಾರನ್ನು ನಿಲ್ಲಿಸುವಾಗ ಸ್ಟೀರಿಂಗ್ ಹೊರೆಯಾಗುತ್ತದೆ. ಹಿಂದೆ ಟೈರು ಮಡ್‌ಗಾರ್ಡಿನ ಒಳಅಂಚಿಗೆ ಉಜ್ಜಲೂಬಹುದು. ಸಪೂರ ಟೈರು ಜಾರುವ ಮುಂಚೆ ಚಾಲಕನ ಕೈಗೆ ಹೇಳಿಯೇ ಜಾರುತ್ತದೆ. ಆ ಮಾತುಕತೆಗಾಗಿಯೇ ಅಲ್ಲವೇ ಇಂಥ ಕಾರು ಕೊಳ್ಳುವುದು?

ಹಾಗಾಗಿ ನನ್ನ ಆಯ್ಕೆ 165 ಆರ್14. ಸ್ಪೋಕ್ ಚಕ್ರವಾದರೆ ಒಳಗೆ ಟ್ಯೂಬು ಬೇಕೇ ಬೇಕು, ಸ್ಪೋಕಿನ ತೂತುಗಳಲ್ಲಿ ಗಾಳಿ ನಿಲ್ಲದು. ತಯಾರಿಯ ತಾರೀಖನ್ನೂ ನೋಡಬೇಕು. ಈ ಕಾರುಗಳು ಓಡುವುದೇ ಕಡಿಮೆ. ಮೈ ಸವೆಯುವ ಮೊದಲೇ ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಟೈರಿನ ಪಕ್ಕದಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಹತ್ತು ವರ್ಷ ದಾಟಿದ್ದನ್ನು, ನೋಡಲು ಎಷ್ಟೇ ಹೊಸದಾಗಿರಲಿ, ನಾನು ಚಕ್ರಕ್ಕೆ ಏರಿಸುವುದಿಲ್ಲ.