ಚಂದ್ರನ ಮಣ್ಣಿನಲ್ಲಿ ಲೋಹಗಳು

ಚಂದ್ರನ ನೆಲವನ್ನು ಮುಚ್ಚಿರುವ ಪುಡಿಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಟೈಟಾನಿಯಂಗಳು ಮುಖ್ಯ ಲೋಹಗಳು. ಈ ಮಣ್ಣಿನ ತೂಕದಲ್ಲಿ ಶೇ. 40ಕ್ಕೂ ಹೆಚ್ಚು ಪಾಲು ಆಕ್ಸಿಜನ್. ಲೋಹಗಳು ಬಹುಮಟ್ಟಿಗೆ ಅದರೊಡನೆ ಬೆಸೆದುಕೊಂಡೇ ಇವೆ.

ಈ ಮಣ್ಣಿನ ಮೊದಲ ರಾಸಾಯನಿಕ ಪರೀಕ್ಷೆ ನಡೆದದ್ದು ಚಂದ್ರನ ಮೇಲೆಯೇ. 1967ರ ಸೆಪ್ಟೆಂಬರಿನಲ್ಲಿ ಪ್ರಶಾಂತಿ ಸಾಗರದಲ್ಲಿ ಇಳಿದ ಅಮೆರಿಕದ ಸರ್ವೇಯರ್-5 ನೌಕೆ, ನೈಲಾನ್ ಹುರಿಗೆ ಕಟ್ಟಿದ ಪೆಟ್ಟಿಗೆಯೊಂದನ್ನು ನೆಲಕ್ಕೆ ಇಳಿಬಿಟ್ಟಿತು. ಷಿಕಾಗೊ ವಿಶ್ವವಿದ್ಯಾಲಯದ ಆಂಥನಿ ಟರ್ಕೆವಿಚ್ ರೂಪಿಸಿದ್ದ ಆ ಉಪಕರಣದೊಳಗಿನ ಕ್ಯೂರಿಯಂ-242 ಮಣ್ಣಿನತ್ತ ಆಲ್ಫಾ ಕಣಗಳನ್ನು ಸೂಸಿತು. ಭಾರದ ಪರಮಾಣುವಿಗೆ ಬಡಿದ ಕಣ ಹೆಚ್ಚು ಶಕ್ತಿ ಉಳಿಸಿಕೊಂಡು ಹಿಂದಿರುಗುತ್ತದೆ, ಹಗುರ ಪರಮಾಣುವಿಗೆ ಬಡಿದದ್ದು ಸೊರಗಿ ಬರುತ್ತದೆ. ಆ ಲೆಕ್ಕ ತೋರಿಸಿದ್ದು ಬಸಾಲ್ಟನ್ನು, ಎಂದರೆ ವಿಜಯಪುರದ ಕಡೆಯ ಕಪ್ಪು ಕಲ್ಲಿನ ಜಾತಿಯನ್ನು. 1968ರಲ್ಲಿ ಟೈಕೊ ಕುಳಿಯ ಬಳಿ ಸರ್ವೇಯರ್-7 ಕಂಡ ಎತ್ತರ ಪ್ರದೇಶದ ಮಣ್ಣಿನಲ್ಲಿ ಕಬ್ಬಿಣ ಕಡಿಮೆಯಿತ್ತು.

1969ರಲ್ಲಿ ಅಪೊಲೊ-11 ತಂದ ಮಣ್ಣಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಶೇ. 7ನ್ನು ಮೀರಿತ್ತು. ಕಬ್ಬಿಣವೂ ಟೈಟಾನಿಯಮ್ಮೂ ಕೂಡಿದ ಇಲ್ಮನೈಟ್ ಖನಿಜ ಇದಕ್ಕೆ ಮುಖ್ಯ ಕಾರಣ. ಆ ಕಪ್ಪು ಪುಡಿಯ ನಡುವೆ ಅಲ್ಲೊಂದು ಇಲ್ಲೊಂದು ಬಿಳಿಯ ಚೂರುಗಳಿದ್ದವು. ಜಾನ್ ವುಡ್ ಮತ್ತು ಸಂಗಡಿಗರು 1970ರಲ್ಲಿ ಅವನ್ನು ಕ್ಯಾಲ್ಸಿಯಂ-ಅಲ್ಯೂಮಿನಿಯಂ ತುಂಬಿದ ಅನಾರ್ಥೊಸೈಟ್ ಎಂದು ಗುರುತಿಸಿ, ಎತ್ತರ ಪ್ರದೇಶಗಳಿಂದ ಸಿಡಿದು ಬಂದವೆಂದು ತರ್ಕಿಸಿದರು. ಎಳೆಯ ಚಂದ್ರ ಶಿಲಾಪಾಕದ ಕಡಲಾಗಿದ್ದು, ಹಗುರ ಹರಳುಗಳು ಕೆನೆಯಂತೆ ತೇಲಿ ಹೊರಪದರವಾದವು ಎಂಬ ಸಿದ್ಧಾಂತ ಹುಟ್ಟಿದ್ದು ಹೀಗೆ.

ಆಕ್ಸಿಜನ್ನಿನ ಹಂಗಿಲ್ಲದ ಕಬ್ಬಿಣವೂ ಚಂದ್ರನಲ್ಲಿ ಸ್ವಲ್ಪ ಇದೆ. ಉಲ್ಕಾಧೂಳು ಅಪ್ಪಳಿಸಿದಾಗ ಮಣ್ಣು ಆವಿಯಾಗಿ ಪಕ್ಕದ ಕಣಗಳ ಮೇಲೆ ತೆಳುವಾಗಿ ಕೂರುತ್ತದೆ. ಆ ಲೇಪದಲ್ಲಿ ನ್ಯಾನೊ ಗಾತ್ರದ ಕಬ್ಬಿಣದ ಚುಕ್ಕೆಗಳಿರುತ್ತವೆ. ಬ್ರೂಸ್ ಹ್ಯಾಪ್ಕೆ 1970ರ ದಶಕದಲ್ಲಿ ಮಂಡಿಸಿದ್ದ ಈ ವಿವರಣೆಗೆ 1993ರಲ್ಲಿ ಲಿಂಡ್ಸೆ ಕೆಲ್ಲರ್ ಮತ್ತು ಡೇವಿಡ್ ಮೆಕೆ ಸೂಕ್ಷ್ಮದರ್ಶಕದ ಸಾಕ್ಷ್ಯ ಒದಗಿಸಿದರು. ಹಳೆಯ ಮಣ್ಣು ಕಪ್ಪಾಗುವುದು ಈ ಚುಕ್ಕೆಗಳಿಂದ.

2023ರ ಆಗಸ್ಟ್ 23ರಂದು ಚಂದ್ರಯಾನ-3 ದಕ್ಷಿಣದ ಎತ್ತರ ಪ್ರದೇಶದಲ್ಲಿ ಇಳಿಯಿತು. ಅದರ ಪ್ರಗ್ಯಾನ್ ರೋವರ್ ಮತ್ತೆ ಕ್ಯೂರಿಯಮ್ಮನ್ನೇ ಬಳಸಿ, ಈ ಬಾರಿ ಮಣ್ಣು ಹೊಮ್ಮಿಸುವ ಎಕ್ಸ್-ಕಿರಣಗಳನ್ನು 23 ಕಡೆ ಅಳೆಯಿತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ತಂಡ 2024ರಲ್ಲಿ ಪ್ರಕಟಿಸಿದ ಫಲಿತಾಂಶ, ವುಡ್ ಚೂರುಗಳಿಂದ ಊಹಿಸಿದ್ದ ಅನಾರ್ಥೊಸೈಟ್ ಹೊರಪದರದೊಂದಿಗೆ ತಾಳೆಯಾಯಿತು. ಮೆಗ್ನೀಸಿಯಂ ಮಾತ್ರ ನಿರೀಕ್ಷೆಗಿಂತ ಹೆಚ್ಚಿತ್ತು. ಹಿಂದೊಮ್ಮೆ ನಡೆದ ಭಾರಿ ಅಪ್ಪಳಿಕೆ ಆಳದ ಪದರವನ್ನು ಅಲ್ಲಿಗೆ ಎರಚಿರಬೇಕೆಂದು ತಂಡ ವಿವರಿಸಿದೆ.